ಆಟದ ಪಟ್ಟಿಯಲ್ಲಿಲ್ಲದ ಕುರುಚಲು ಕಾಡು

ಗಣಕಯಂತ್ರದ ಪರದೆಯ ಮೇಲೆ ಮೃಗಾಲಯ ಕಟ್ಟುವ ಆಟಗಳಿಗೆ ಈಗ ಸುಮಾರು ಕಾಲು ಶತಮಾನದ ವಯಸ್ಸಾಗಿದೆ. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಪ್ರಕಟಿಸಿದ 'ಝೂ ಟೈಕೂನ್' ಈ ಬಗೆಯ ಆಟವನ್ನು ಮನೆಮನೆಗೆ ತಂದಿತು. 2019ರ ನವೆಂಬರಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆಯ 'ಪ್ಲಾನೆಟ್ ಝೂ' ಬಂದ ಮೇಲೆ ಅದರ ಸ್ವರೂಪವೇ ಬದಲಾಯಿತು. ಆಟಗಾರನಿಗೆ ಒಂದಿಷ್ಟು ನೆಲ, ಒಂದಿಷ್ಟು ಹಣ ಸಿಗುತ್ತದೆ. ನೆಲವನ್ನು ತಗ್ಗು ದಿಣ್ಣೆ ಮಾಡಿ, ಕೆರೆ ತೋಡಿ, ಬಂಡೆ ಜೋಡಿಸಿ, ಗಿಡ ನೆಟ್ಟು, ಬೇಲಿ ಹಾಕಿ, ಆಮೇಲೆ ಪ್ರಾಣಿಯನ್ನು ತಂದು ಬಿಡಬೇಕು. ಕಟ್ಟಿದ ಮನೆ ಪ್ರಾಣಿಗೆ ಒಗ್ಗಿದರೆ ಅದು ಮರಿ ಹಾಕುತ್ತದೆ. ಒಗ್ಗದಿದ್ದರೆ ಸೊರಗುತ್ತದೆ, ಮೃಗಾಲಯದೊಳಗೆ ಫಲಕ ಹಿಡಿದ ಪ್ರತಿಭಟನಕಾರರು ಕಾಣಿಸಿಕೊಳ್ಳುತ್ತಾರೆ.

ಈ ಆಟ ಆಡುವವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆಯೊಂದಿದೆ: ಯಾವ ಜೀವವಲಯದಲ್ಲಿ ಆವಾಸ ಕಟ್ಟುವುದು ಹೆಚ್ಚು ಇಷ್ಟ? ಹಿಂದೂಪುರದಿಂದ ಪೆನುಕೊಂಡೆಯವರೆಗಿನ ಸೀಮೆಯ ಕನ್ನಡ ಮನೆಗಳ ಮಕ್ಕಳಿಗೆ ಇದನ್ನೇ ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಏಕೆಂದರೆ ಅವರ ಕಿಟಕಿಯಾಚೆಗಿರುವ ನೆಲಕ್ಕೆ ಆಟದ ಪಟ್ಟಿಯಲ್ಲಿ ಹೆಸರೇ ಇಲ್ಲ.

ಏಳು ವಲಯಗಳ ಲೋಕ

ಒಂದೇ ಬಗೆಯ ಹವೆ, ಮಳೆ, ಮಣ್ಣಿಗೆ ಹೊಂದಿಕೊಂಡು ಬೆಳೆದ ಸಸ್ಯ ಮತ್ತು ಪ್ರಾಣಿಗಳ ವಿಶಾಲ ಸಮುದಾಯವನ್ನು ವಿಜ್ಞಾನಿಗಳು ಬಯೋಮ್ ಅಥವಾ ಜೀವವಲಯ ಎನ್ನುತ್ತಾರೆ. 'ಪ್ಲಾನೆಟ್ ಝೂ' ತನ್ನ ಪ್ರಾಣಿ, ಸಸ್ಯಗಳನ್ನು ಇಂಥ ಏಳು ವಲಯಗಳಲ್ಲಿ ಹಂಚಿಟ್ಟಿದೆ: ಹುಲ್ಲುಗಾವಲು, ಮರುಭೂಮಿ, ಉಷ್ಣವಲಯ, ಸಮಶೀತೋಷ್ಣ ವಲಯ, ಟೈಗಾ, ಟಂಡ್ರಾ ಮತ್ತು ಜಲವಲಯ. ಪ್ರತಿ ಪ್ರಾಣಿಗೂ ಅದರ ವಲಯ, ಅದರ ಖಂಡ, ಅದಕ್ಕೆ ಬೇಕಾದ ಉಷ್ಣತೆಯ ಮಿತಿ ಗೊತ್ತುಪಡಿಸಲಾಗಿದೆ. ಉದ್ದ ಹುಲ್ಲು ಎಷ್ಟು, ಗಿಡ್ಡ ಹುಲ್ಲು ಎಷ್ಟು, ಬರಿಮಣ್ಣು, ಕಲ್ಲು, ಮರಳು, ಹಿಮ ಎಷ್ಟಿರಬೇಕು, ಗಿಡಮರಗಳು ಎಷ್ಟು ಭಾಗ ಹಬ್ಬಿರಬೇಕು ಎಂಬುದಕ್ಕೂ ಲೆಕ್ಕವಿದೆ. ಏಷ್ಯಾದ ಹುಲಿಗೆ ಅಮೆರಿಕದ ಮರ ನೆಟ್ಟರೆ ಆಟ ಅದನ್ನು ತಪ್ಪೆಂದು ತೋರಿಸುತ್ತದೆ. ಜನರ ಗದ್ದಲಕ್ಕೆ ಅಂಜುವ ಪ್ರಾಣಿಗೆ ಮರೆ ಇಲ್ಲದಿದ್ದರೆ ಅದರ ಕಳವಳವನ್ನೂ ಎಣಿಸಿ ಹೇಳುತ್ತದೆ.

ಕಣ್ಣಿಗೆ ಹಬ್ಬವೆನಿಸುವುದು ಉಷ್ಣವಲಯ. ಹಸಿರಿನ ಮೇಲೆ ಹಸಿರು, ಬಳ್ಳಿ, ಜಲಪಾತ, ಹಬೆ. ಹಿಮದ ಟಂಡ್ರಾದಲ್ಲಿ ಬಿಳಿಯ ಮೇಲೆ ಒಂದೇ ಒಂದು ಪ್ರಾಣಿ ನಡೆದರೂ ಚಿತ್ರದಂತಿರುತ್ತದೆ. ಟೈಗಾದ ಸೂಚಿಪರ್ಣಿ ಮರಗಳ ನಡುವೆ ಯಾವ ಬೇಲಿಯನ್ನಾದರೂ ಮರೆಮಾಡಬಹುದು. ಕಷ್ಟವಿರುವುದು ಒಣನೆಲದಲ್ಲಿ. ಅಲ್ಲಿ ಎಲೆಗಳ ಹಿಂದೆ ತಪ್ಪನ್ನು ಅಡಗಿಸಲಾಗದು. ಬಂಡೆ ಎಲ್ಲಿ ಕೂರಬೇಕು, ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳಬೇಕು, ನೀರಿನತ್ತ ಕಾಲುದಾರಿ ಹೇಗೆ ಇಳಿಯಬೇಕು ಎಂಬುದನ್ನೆಲ್ಲ ಬಲ್ಲವನೇ ಅದನ್ನು ಕಟ್ಟಬಲ್ಲ. ಬಲ್ಲವರು ಸೋಮಂದೇಪಲ್ಲಿಯಂಥ ಊರುಗಳಲ್ಲಿದ್ದಾರೆ.

ಯಾವ ಖಾನೆಗೆ ಸೇರಿದ ನೆಲ?

ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಆಂಧ್ರದ ಗಡಿ ದಾಟಿ ಪೆನುಕೊಂಡೆಯತ್ತ ಸಾಗುವವರಿಗೆ ಸೋಮಂದೇಪಲ್ಲಿಯ ಆಸುಪಾಸಿನಲ್ಲಿ ಕಾಣುವುದು ಉರುಳುಗಲ್ಲಿನ ಬೋಳುಬೆಟ್ಟಗಳು, ಕೆಂಪುಮಣ್ಣಿನ ಕಡಲೆಕಾಯಿ ಹೊಲಗಳು, ನಡುವೆ ಜಾಲಿ, ಕಾರೆ, ಎಲಚಿ, ತಂಗಡಿ, ಕಳ್ಳಿಗಳ ಕುರುಚಲು. ಹಳೆಯ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ನೆಲವನ್ನು ನೈಋತ್ಯ ಮಾರುತ ಅರ್ಧ ಮರೆತಿದೆ; ಈಶಾನ್ಯ ಮಾರುತ ಕರಾವಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ.

ಇದನ್ನು ಮರುಭೂಮಿಯೆನ್ನಬೇಕೆ, ಹುಲ್ಲುಗಾವಲೆನ್ನಬೇಕೆ, ಉಷ್ಣವಲಯದ ಕಾಡೆನ್ನಬೇಕೆ? ವಿಜ್ಞಾನಿಗಳೂ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಭಾರತದ ಕಾಡುಗಳನ್ನು 16 ಮುಖ್ಯ ಗುಂಪುಗಳಾಗಿ ವಿಂಗಡಿಸಿದ ಚಾಂಪಿಯನ್ ಮತ್ತು ಸೇಠ್ ಅವರ 1968ರ ವರ್ಗೀಕರಣದಲ್ಲಿ ಇದಕ್ಕೆ 'ಉಷ್ಣವಲಯದ ಮುಳ್ಳುಕಾಡು' ಎಂಬ ಸ್ಥಾನವಿದೆ. ವಿಶ್ವ ವನ್ಯಜೀವಿ ನಿಧಿಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಭೂಪಟವು ಜಗತ್ತಿನ ನೆಲವನ್ನು 14 ಜೀವವಲಯಗಳಾಗಿಯೂ 867 ಪರಿಸರ ಪ್ರದೇಶಗಳಾಗಿಯೂ ಹಂಚುತ್ತದೆ. ಅದರಲ್ಲಿ 'ದಕ್ಖನ್ ಮುಳ್ಳುಕುರುಚಲು ಕಾಡು' ಎಂಬ ಪ್ರತ್ಯೇಕ ಪ್ರದೇಶವಿದ್ದು, ಅದನ್ನು ಮರುಭೂಮಿ ಮತ್ತು ಒಣಪೊದೆಗಳ ವಲಯಕ್ಕೆ ಸೇರಿಸಲಾಗಿದೆ. ಒಬ್ಬರಿಗೆ ಕಾಡಾದದ್ದು ಇನ್ನೊಬ್ಬರಿಗೆ ಮರುಭೂಮಿಯ ನೆಂಟ.

ಆಟದಲ್ಲಿಯೂ ಇದೇ ಗೊಂದಲ. ನಮ್ಮ ಬೆಟ್ಟಗಳ ಕರಡಿ 'ಪ್ಲಾನೆಟ್ ಝೂ'ಗೆ ಬಂದದ್ದು 2023ರ ಕೊನೆಯಲ್ಲಿ, ಯುರೇಷ್ಯಾ ಖಂಡದ ಪ್ರಾಣಿಗಳ ಕಂತಿನಲ್ಲಿ; ಸೈಗಾ ಜಿಂಕೆ, ಹಂಸಗಳ ಜೊತೆಯಲ್ಲಿ. ಕತ್ತೆಕಿರುಬ ಅದಕ್ಕೂ ಒಂದು ವರ್ಷ ಮೊದಲು, 2022ರಲ್ಲಿ, ಹುಲ್ಲುಗಾವಲು ಕಂತಿನಲ್ಲಿ ಬಂದಿತು. ನೆಲದ ಮೇಲೆ ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಬಾಳಬಲ್ಲ ಪ್ರಾಣಿಗಳು ಆಟದಲ್ಲಿ ಎರಡು ಬೇರೆ ಪೆಟ್ಟಿಗೆಗಳಲ್ಲಿ ದೊರೆಯುತ್ತವೆ.

ಸೋಮಂದೇಪಲ್ಲಿಯ ಆವಾಸವನ್ನು ಕಟ್ಟುವುದಾದರೆ

ಈ ಸೀಮೆಯ ಮಗುವೊಂದು ತನ್ನೂರಿನ ಆವಾಸವನ್ನೇ ಪರದೆಯ ಮೇಲೆ ಕಟ್ಟಲು ಕುಳಿತಿತೆನ್ನೋಣ. ಮೊದಲು ಬೇಕಾಗುವುದು ಬಂಡೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳ ಸಂದುಗಳು ಬೇಸಗೆಯ ನಡುಹಗಲಿನಲ್ಲೂ ತಂಪಾಗಿರುತ್ತವೆ. ಕರಡಿ, ಚಿರತೆ, ಮುಳ್ಳುಹಂದಿ ಹಗಲು ಕಳೆಯುವುದು ಅಲ್ಲಿಯೇ. ಎರಡನೆಯದು ಹುತ್ತ. ಕರಡಿಯ ಮೇಲ್ದವಡೆಯಲ್ಲಿ ಮುಂದಿನ ಎರಡು ಬಾಚಿಹಲ್ಲುಗಳಿಲ್ಲ. ನೀಳವಾದ ಉಗುರುಗಳಿಂದ ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಗೆದ್ದಲಿಲ್ಲದ ಬೆಟ್ಟ ಎಷ್ಟು ಚೆಂದವಿದ್ದರೂ ಅದಕ್ಕೆ ಮನೆಯಲ್ಲ. ಮೂರನೆಯದು ಎಲಚಿ, ಈಚಲು, ಸೀತಾಫಲದಂಥ ಹಣ್ಣಿನ ಗಿಡಗಳು.

ಬೆಟ್ಟ ಇಳಿದು ಬಯಲಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಕೃಷ್ಣಮೃಗಕ್ಕೆ ಬೇಕಾದುದು ದೂರದವರೆಗೆ ಕಣ್ಣು ಹಾಯುವ ಗಿಡ್ಡ ಹುಲ್ಲಿನ ಬಯಲು. ಅಪಾಯವನ್ನು ದೂರದಿಂದಲೇ ಕಂಡು ಓಡುವುದು ಅದರ ಬದುಕಿನ ಕ್ರಮ. ಗಂಡುಗಳು ತಮ್ಮ ತಮ್ಮ ನೆಲವನ್ನು ಗುರುತಿಸಿಕೊಂಡು ಕಾಯುವುದೂ ಇಂಥ ತೆರವಿನಲ್ಲಿಯೇ. ಒಳ್ಳೆಯದಾಗಲೆಂದು ಅಲ್ಲಿ ಸಾಲಾಗಿ ಮರ ನೆಟ್ಟರೆ ಕೃಷ್ಣಮೃಗದ ಮನೆ ಹಾಳಾಗುತ್ತದೆ. ತೋಳಕ್ಕೆ ಮರಿ ಮಾಡಲು ಪೊದೆಯ ಮರೆ ಬೇಕು, ಬೇಟೆಗೆ ಬಯಲು ಬೇಕು. ಎರಡೂ ಒತ್ತಿನಲ್ಲಿಯೇ ಇರಬೇಕು. ಇನ್ನು ಕಾಡುಪಾಪವೆಂಬ ಪುಟ್ಟ ಪ್ರಾಣಿಗೆ ಕೊಂಬೆಯಿಂದ ಕೊಂಬೆಗೆ ನೆಗೆಯಲು ಬಾರದು. ನಿಧಾನವಾಗಿ ಕೈ ಚಾಚಿ ಹಿಡಿದು ದಾಟಬೇಕಾದ್ದರಿಂದ ಮರಗಳ ತಲೆಗಳು ಒಂದಕ್ಕೊಂದು ತಾಗಿರಬೇಕು. ಹೊಲದ ಬದುವಿನ ಜಾಲಿ, ಹುಣಸೆ, ಹೊಂಗೆಗಳ ಸಾಲನ್ನು ಒಂದು ಕಡೆ ಕಡಿದರೆ ಅದರ ದಾರಿಯೇ ತುಂಡಾಗುತ್ತದೆ.

ಹೀಗೆ ಒಂದು ಫರ್ಲಾಂಗಿನೊಳಗೆ ಬಂಡೆ, ಪೊದೆ, ಬಯಲು, ಮರಸಾಲು, ಕೆರೆಯಂಗಳ ಎಲ್ಲವೂ ಕಲೆತುಕೊಂಡಿರುವುದೇ ಈ ನೆಲದ ಗುಣ. ಇದನ್ನು ಒಂದೇ ಬಣ್ಣದಿಂದ ತುಂಬಲಾಗದು. ಆಟದಲ್ಲಿ ಇದನ್ನು ಕಟ್ಟುವುದು ಕಠಿಣವೆನಿಸುವುದಕ್ಕೂ ಸರ್ಕಾರಿ ದಾಖಲೆಗಳಲ್ಲಿ ಇದಕ್ಕೆ ಸರಿಯಾದ ಹೆಸರು ಸಿಗದಿರುವುದಕ್ಕೂ ಕಾರಣ ಒಂದೇ.

ಸರಳುಗಳಿಂದ ಆವಾಸದವರೆಗೆ

ಪ್ರಾಣಿಗೆ ಅದರದೇ ನೆಲವನ್ನು ಕಟ್ಟಿಕೊಡಬೇಕೆಂಬ ವಿಚಾರ ಆಟದಲ್ಲಿ ಹುಟ್ಟಿದ್ದಲ್ಲ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗನ್‌ಬೆಕ್ ತೆರೆದ ಮೃಗಾಲಯದಲ್ಲಿ ಕಬ್ಬಿಣದ ಸರಳುಗಳ ಬದಲು ನೋಡುಗನ ಕಣ್ಣಿಗೆ ಕಾಣದ ಕಂದಕಗಳಿದ್ದವು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಿಯಾಟಲ್ ನಗರದ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯವು ಗೊರಿಲ್ಲಾಗಳಿಗೆ ನಿಜವಾದ ಗಿಡಮರಗಳ ಅಂಗಳ ಮಾಡಿಕೊಟ್ಟು, ಪ್ರೇಕ್ಷಕನೂ ಅದೇ ಕಾಡಿನೊಳಗೆ ನಿಂತಂತೆ ಭಾವಿಸುವ ವಿನ್ಯಾಸವನ್ನು ತಂದಿತು. ನಮ್ಮಲ್ಲಿ 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಮೃಗಾಲಯವೂ 1963ರಲ್ಲಿ ತೆರೆದ ಹೈದರಾಬಾದಿನ ನೆಹರೂ ಪ್ರಾಣಿಸಂಗ್ರಹಾಲಯವೂ 1987ರಲ್ಲಿ ಸ್ಥಾಪನೆಯಾದ ತಿರುಪತಿಯ ಶ್ರೀ ವೆಂಕಟೇಶ್ವರ ಪ್ರಾಣಿಸಂಗ್ರಹಾಲಯವೂ ಇದೇ ದಾರಿಯ ಬೇರೆ ಬೇರೆ ಮಜಲುಗಳು.

ಕಾನೂನು ಇದನ್ನು ತಡವಾಗಿ ಕೈಗೆತ್ತಿಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯಿಂದ ಮೃಗಾಲಯಗಳಿಗಾಗಿಯೇ ಪ್ರತ್ಯೇಕ ಅಧ್ಯಾಯ ಸೇರಿತು. 1992ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ಕಾಯಿದೆಯ 38-ಎಚ್ ಕಲಮಿನ ಪ್ರಕಾರ ಪ್ರಾಧಿಕಾರದ ಮಾನ್ಯತೆಯಿಲ್ಲದೆ ಯಾವ ಮೃಗಾಲಯವನ್ನೂ ನಡೆಸುವಂತಿಲ್ಲ. 38-ಜೆ ಕಲಮಿನ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನಿಸು ಕೊಡುವುದು, ಗದ್ದಲದಿಂದ ಅದನ್ನು ಕಾಡುವುದು ನಿಷಿದ್ಧ. ಮಾನ್ಯತೆಯ ನಿಯಮಗಳು ಆವರಣದ ಕನಿಷ್ಠ ವಿಸ್ತಾರವನ್ನೂ ಹೇಳುತ್ತವೆ. ಜೋಡಿ ಹುಲಿಗೆ ಹೊರಾಂಗಣ 1000 ಚದರ ಮೀಟರಿಗೆ ಕಡಿಮೆಯಿರಬಾರದು. ಹೀಗೆ ಬೇಲಿಯೊಳಗಿನ ಪ್ರಾಣಿಯ ನೆಲವನ್ನು ಕಾನೂನು ಚದರ ಮೀಟರಿನಲ್ಲಿ ಅಳೆಯುತ್ತದೆ. ಬೇಲಿಯಾಚೆ, ಊರ ಗುಡ್ಡದಲ್ಲಿರುವ ಅದೇ ಜಾತಿಯ ಪ್ರಾಣಿಯ ನೆಲಕ್ಕೆ ಹೆಚ್ಚಿನ ಕಡೆ ಇಂಥ ಅಳತೆಯಿಲ್ಲ.

ಪೋರಂಬೋಕು ಎಂಬ ಹೆಸರು

ಕಂದಾಯ ದಾಖಲೆಗಳು ಈ ನೆಲವನ್ನು ಕರೆಯುವ ಬಗೆಯನ್ನು ನೋಡಬೇಕು. ಕರ್ನಾಟಕದ ಪಹಣಿಯಲ್ಲಿ ಅದು ಖರಾಬು, ಬೀಳು ಇಲ್ಲವೆ ಗೋಮಾಳ. ಗಡಿ ದಾಟಿದರೆ ಬಂಜರು, ಪೋರಂಬೋಕು. ಕಂದಾಯದ ಲೆಕ್ಕದಿಂದ ಹೊರಗಿಟ್ಟ ನೆಲ ಎಂಬುದಷ್ಟೇ ಪೋರಂಬೋಕು ಎಂಬ ಮಾತಿನ ಮೂಲಾರ್ಥ. ಕಾಲಾಂತರದಲ್ಲಿ ಅದು ಕೆಲಸಕ್ಕೆ ಬಾರದವನನ್ನು ಬೈಯುವ ಶಬ್ದವಾಯಿತು. ಕಂದಾಯ ಕೊಡದ ನೆಲಕ್ಕೂ ದುಡಿಯದ ಮನುಷ್ಯನಿಗೂ ಒಂದೇ ಪದ. ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆಯು ಉಪಗ್ರಹ ಚಿತ್ರಗಳ ನೆರವಿನಿಂದ ಪ್ರಕಟಿಸುತ್ತ ಬಂದಿರುವ 'ಪಾಳುಭೂಮಿ ಭೂಪಟ'ದಲ್ಲಿಯೂ ಕುರುಚಲು ನೆಲ ಪಾಳುಭೂಮಿಯ ಒಂದು ವರ್ಗ.

ಹೆಸರು ಹೀಗಿರುವಾಗ ಅದರ ಮೇಲೆ ಏನು ಬಂದರೂ ಅಭಿವೃದ್ಧಿಯೆನಿಸುತ್ತದೆ. ಮಡಕಶಿರಾದ ಪಕ್ಕದಲ್ಲಿಯೇ ಇರುವ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. 2018ರ ಮಾರ್ಚ್ ತಿಂಗಳಲ್ಲಿ ಅದರ ಉದ್ಘಾಟನೆಯಾಯಿತು. ಸತತ ಬರದಿಂದ ಬೇಸತ್ತ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ದೊರೆತದ್ದು ಸಣ್ಣ ಸಂಗತಿಯಲ್ಲ. ಬೋರು ಬತ್ತಿದ ಮನೆಗಳಿಗೆ ಅದೊಂದು ಆಧಾರ. ಆದರೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವಾಗ ಮಾತಿಗೆ ಬರುವವರು ಪಟ್ಟಾದಾರರು ಮಾತ್ರ. ಪಟ್ಟಾ ಇಲ್ಲದೆ ಅದೇ ಬಯಲನ್ನು ನಂಬಿದ ಕುರಿಗಾಹಿಗೂ ಅಲ್ಲಿ ಹಾಯುವ ತೋಳಕ್ಕೂ ಆ ಪತ್ರದಲ್ಲಿ ಕಲಮುಗಳಿಲ್ಲ.

ಇನ್ನೊಂದು ಅಪಾಯ ಸದುದ್ದೇಶದ್ದು. ಬೋಳಾಗಿ ಕಾಣುವ ನೆಲವನ್ನು ಹಸಿರು ಮಾಡುವ ಉತ್ಸಾಹದಲ್ಲಿ ನೀಲಗಿರಿ ನೆಡಲಾಯಿತು. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಹಬ್ಬಿತು. ತೆಲುಗಿನವರು ಅದನ್ನು 'ಸರ್ಕಾರು ತುಮ್ಮ' ಎನ್ನುವುದರಲ್ಲಿ ಇತಿಹಾಸವೂ ಇದೆ, ವ್ಯಂಗ್ಯವೂ ಇದೆ. ಸೌದೆ, ಇದ್ದಿಲು ಕೊಟ್ಟು ಎಷ್ಟೋ ಬಡವರ ಒಲೆ ಉರಿಸಿದ ಆ ಗಿಡವೇ ಕೆರೆಯಂಗಳ, ಹುಲ್ಲುಬಯಲುಗಳನ್ನು ನುಂಗಿತು. ಏಷ್ಯಾದ ಪ್ರಾಣಿಗೆ ಅಮೆರಿಕದ ಗಿಡ ಸಲ್ಲದೆಂದು ಆಟ ಕೊಡುವ ಎಚ್ಚರಿಕೆ ನೆಲದ ಮೇಲೆ ಕೇಳಿಬರಲಿಲ್ಲ.

ತೆರವಿನ ಬೆಲೆಯನ್ನು ಲೋಕಕ್ಕೆ ತಿಳಿಸಿದ್ದು ಒಂದು ಹಕ್ಕಿ. 1848ರಲ್ಲಿ ಜೆರ್ಡನ್ ಎಂಬ ವೈದ್ಯ ಗುರುತಿಸಿದ, 1900ರ ನಂತರ ಯಾರ ಕಣ್ಣಿಗೂ ಬೀಳದೆ ಅಳಿದೇಹೋಯಿತೆಂದು ಭಾವಿಸಲಾಗಿದ್ದ 'ಕಲಿವಿ ಕೋಡಿ', 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ಲಂಕಮಲ್ಲ ಬೆಟ್ಟದ ತಪ್ಪಲಿನಲ್ಲಿ ಮತ್ತೆ ಕಂಡಿತು. ರಾತ್ರಿ ಸಂಚರಿಸುವ ಆ ಹಕ್ಕಿಗೆ ಬೇಕಾದುದು ದಟ್ಟಕಾಡೂ ಅಲ್ಲ, ಬೋಳುಬಯಲೂ ಅಲ್ಲ. ಪೊದೆ ಪೊದೆಗಳ ನಡುವಣ ಬರಿನೆಲ. ಅದರ ನೆಲೆಯ ಸಲುವಾಗಿ ತೆಲುಗು ಗಂಗಾ ಕಾಲುವೆಯ ಮಾರ್ಗವನ್ನೇ ಬದಲಿಸಬೇಕಾಯಿತು.

ಸುತ್ತಲೂ ಇರುವ ಮಾದರಿಗಳು

ಈ ನೆಲವನ್ನು ನೆಲವಾಗಿಯೇ ಉಳಿಸಿಕೊಂಡ ಉದಾಹರಣೆಗಳು ದೂರದಲ್ಲೇನೂ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಪರಿಗಿಯ ಬಳಿ ಪೆನ್ನಾರನ್ನು ಸೇರುವ ಜಯಮಂಗಲಿ ನದಿಯ ಹೆಸರನ್ನೇ ಹೊತ್ತ ಕೃಷ್ಣಮೃಗ ಸಂರಕ್ಷಣಾ ಮೀಸಲು ಹಿಂದೂಪುರಕ್ಕೆ ಹತ್ತಿರದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿದೆ. ಅದರ ವಿಸ್ತಾರ 798 ಎಕರೆ, ಘೋಷಣೆಯಾದುದು 2007ರಲ್ಲಿ. ಸಿರಾ ಸೀಮೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರಗಳಿಗಾಗಿ 2019ರಲ್ಲಿ ಅಭಯಾರಣ್ಯವಾಯಿತು. ಹಂಪಿಗೆ ಸಮೀಪದ ದರೋಜಿಯ ಬಂಡೆಬೆಟ್ಟಗಳು 1994ರಿಂದ ಕರಡಿಧಾಮ. ಇಳಿಹೊತ್ತಿನಲ್ಲಿ ಗುಹೆಯಿಂದ ಹೊರಟು, ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂಡೆಯಿಳಿಯುವ ತಾಯಿಕರಡಿಯನ್ನು ಅಲ್ಲಿ ದೂರದ ಗೋಪುರದಿಂದ ನೋಡಬಹುದು.

ಎಲ್ಲಕ್ಕಿಂತ ಹತ್ತಿರದ್ದು ಹಿಂದೂಪುರದಾಚೆಯ ಚಿಲಮತ್ತೂರು ಮಂಡಲದ ವೀರಾಪುರಂ. ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಬಂದು ಊರೊಳಗಿನ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಮೀನಿನ ವಾಸನೆ, ಹಿಕ್ಕೆ, ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಊರವರು ಅವುಗಳನ್ನು ಕಾಯುತ್ತ ಬಂದಿದ್ದಾರೆ. ಅಲ್ಲಿ ಬೇಲಿಯೂ ಇಲ್ಲ, ಪ್ರವೇಶಶುಲ್ಕದ ಕಿಟಕಿಯೂ ಇಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಇಂಥದೇ ನಡವಳಿಕೆಗೆ 2007ರಲ್ಲಿ ಸಮುದಾಯ ಮೀಸಲು ಎಂಬ ಕಾನೂನಿನ ಮಾನ್ಯತೆ ದೊರೆಯಿತು. ಅದಕ್ಕೆ ಆಧಾರ ವನ್ಯಜೀವಿ ಕಾಯಿದೆಗೆ 2002ರ ತಿದ್ದುಪಡಿ ಸೇರಿಸಿದ 36-ಸಿ ಕಲಮು. ಖಾಸಗಿ ಇಲ್ಲವೆ ಸಮುದಾಯದ ಜಮೀನಿನ ಒಡೆತನ ಬದಲಾಗದೆಯೇ, ಜನರು ಮುಂದೆ ಬಂದಲ್ಲಿ, ಅದನ್ನು ಜೀವಿಗಳ ನೆಲೆಯೆಂದು ಘೋಷಿಸಲು ಅದು ಅವಕಾಶ ಕೊಡುತ್ತದೆ. ಸರ್ಕಾರಿ ಜಮೀನಾದರೆ 36-ಎ ಕಲಮಿನ ಸಂರಕ್ಷಣಾ ಮೀಸಲು. ಮೈದನಹಳ್ಳಿಯದು ಆ ಬಗೆಯದು.

ಹೆಸರು ಬರೆಯುವ ಕೆಲಸ

ಮೀಸಲು ಘೋಷಣೆ ಎಲ್ಲ ಊರಿಗೂ ಆಗುವ ಮಾತಲ್ಲ. ಆದರೆ ಎಲ್ಲ ಊರೂ ಮಾಡಬಹುದಾದ, ಕಾನೂನಿನ ಪ್ರಕಾರ ಮಾಡಲೇಬೇಕಾದ ಒಂದು ಕೆಲಸವಿದೆ. 2002ರ ಜೈವಿಕ ವೈವಿಧ್ಯ ಕಾಯಿದೆಯ 41ನೆಯ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಬೀಜ, ಔಷಧದ ಅರಿವನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡುವುದು ಆ ಸಮಿತಿಯ ಮುಖ್ಯ ಹೊಣೆ. ಈ ಕೆಲಸವನ್ನು 2020ರ ಜನವರಿ 31ರೊಳಗೆ ಮುಗಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವನ್ನೂ ಕೊಟ್ಟಿತ್ತು.

ಆ ದಾಖಲೆಯ ನಮೂನೆಯಲ್ಲಿ ಸ್ಥಳೀಯ ಹೆಸರಿಗೆಂದೇ ಒಂದು ಅಂಕಣವಿದೆ. ಗಡಿನಾಡಿನ ಕನ್ನಡಿಗರು ಗಮನಿಸಬೇಕಾದುದು ಆ ಅಂಕಣವನ್ನು. ಸೋಮಂದೇಪಲ್ಲಿ, ಹಿಂದೂಪುರ, ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿಗಳ ಕನ್ನಡ ಮನೆಗಳಲ್ಲಿ ಎಲಚಿಯೆನ್ನುವುದನ್ನು ಪಕ್ಕದ ಮನೆಯವರು ರೇಗು ಎನ್ನುತ್ತಾರೆ. ಹೊಂಗೆಗೆ ಕಾನುಗ, ತೋಳಕ್ಕೆ ತೋಡೇಲು, ಕಾಡುಪಾಪಕ್ಕೆ ದೇವಾಂಗಪಿಲ್ಲಿ. ಎರಡೂ ಈ ನೆಲದ ಹೆಸರುಗಳೇ. ದಾಖಲೆಗೆ ಒಂದೇ ಹೋದರೆ ಇನ್ನೊಂದು ಅಜ್ಜಿಯರ ಜೊತೆಗೇ ಹೊರಟುಹೋಗುತ್ತದೆ. ಹೆಸರಿನೊಂದಿಗೆ ಹೋಗುವುದು ಬರಿಯ ಶಬ್ದವಲ್ಲ. ಯಾವ ಗಿಡದ ಸೊಪ್ಪು ಕುರಿಗೆ ಆಗದು, ಯಾವ ಬಂಡೆಯ ಸಂದಿನಲ್ಲಿ ಜೇನು ಕಟ್ಟುತ್ತದೆ, ಯಾವ ಹಕ್ಕಿ ಕೂಗಿದರೆ ಮಳೆಯೆಂದು ಹಿರಿಯರು ಎಣಿಸುತ್ತಿದ್ದರು ಎಂಬ ತಿಳಿವಳಿಕೆಯೂ ಅದರೊಡನೆ ಹೋಗುತ್ತದೆ.

ಪರದೆಯ ಮೇಲೆ ಆವಾಸ ಕಟ್ಟುವ ಮಕ್ಕಳಿಗೆ ಈ ಕೆಲಸದ ಅರ್ಧ ಪಾಠ ಈಗಾಗಲೇ ಆಗಿದೆ. ಪ್ರಾಣಿಗೆ ನೆಲ ಮೊದಲು, ಬೇಲಿ ಆಮೇಲೆ ಎಂಬುದನ್ನು ಅವರು ಬಲ್ಲರು. ಉದ್ದ ಹುಲ್ಲು, ಗಿಡ್ಡ ಹುಲ್ಲು, ಬರಿಮಣ್ಣು, ಕಲ್ಲು ಎಂದು ಬೇರೆಬೇರೆಯಾಗಿ ನೋಡುವ ಕಣ್ಣು ಅವರಿಗೆ ಬಂದಿದೆ. ಉಳಿದ ಅರ್ಧವನ್ನು ಹೇಳಿಕೊಡಬಲ್ಲವರು ಮನೆಯ ಜಗುಲಿಯ ಮೇಲಿದ್ದಾರೆ, ಕುರಿಯ ಹಿಂದೆ ಬೆಟ್ಟಕ್ಕೆ ಹೋಗುತ್ತಿದ್ದಾರೆ. ದಸರಾ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಅವರೊಡನೆ ನಡೆದರೆ ಪಂಚಾಯಿತಿಯ ದಾಖಲೆಗೆ ಬೇಕಾದ ಹಲವು ಪುಟಗಳು ತುಂಬುತ್ತವೆ. ಮುಂದೊಂದು ದಿನ ಊರ ಗುಡ್ಡವನ್ನು ಪಾಳೆಂದು ಬರೆದ ಕಾಗದ ಗ್ರಾಮಸಭೆಗೆ ಬಂದಾಗ, ಅಲ್ಲಿ ಏನೇನಿದೆಯೆಂದು ತೋರಿಸಲು ಆ ಪುಟಗಳು ಕೈಯಲ್ಲಿರುತ್ತವೆ.